ಲೈಬ್ರರಿ ಕೈಕೊಟ್ಟಾಗ: ಅಡೋಬಿ ಅನಿಮೇಟ್‌ನ ಸಿಂಬಲ್ ತೊಂದರೆಗಳನ್ನು ಪತ್ತೆಹಚ್ಚುವುದು

ಅಡೋಬಿಯ ಈ ಅನಿಮೇಷನ್ ಸಾಫ್ಟ್‌ವೇರನ್ನು ಫ್ಲ್ಯಾಶ್ ಅಂತ ಕಲಿತವರು, 2016ರಲ್ಲಿ ಅದರ ಹೆಸರು ಅನಿಮೇಟ್ ಆದ ಮೇಲೆ ಬಂದವರು, ಇಬ್ಬರೂ ಸಿಂಬಲ್ (ಒಮ್ಮೆ ಮಾಡಿಟ್ಟು ಮತ್ತೆ ಮತ್ತೆ ಬಳಸುವ ಚಿತ್ರ ಅಥವಾ ಅನಿಮೇಷನ್) ವಿಷಯದಲ್ಲಿ ಸಿಕ್ಕಿಬೀಳುವುದು ಒಂದೇ ಜಾಗಗಳಲ್ಲಿ. ಕಾರಣವೂ ಹೆಚ್ಚುಕಡಿಮೆ ಒಂದೇ. ಯಾವುದು ಸಿಂಬಲ್‌ಗೆ ಸೇರಿದ್ದು, ಯಾವುದು ಇನ್‌ಸ್ಟೆನ್ಸ್‌ಗೆ ಸೇರಿದ್ದು ಅನ್ನುವುದು ಕಲಸಿಹೋಗಿರುತ್ತದೆ.

ಸಿಂಬಲ್ ಇರುವುದು ಲೈಬ್ರರಿಯಲ್ಲಿ, ಅಂದರೆ ಫೈಲಿನ ಸಿಂಬಲ್, ಫೋಟೋ, ಶಬ್ದಗಳೆಲ್ಲ ಸೇರಿರುವ ಪ್ಯಾನಲ್‌ನಲ್ಲಿ. ಚಿತ್ರ, ಲೇಯರ್‌ಗಳು, ಒಳಗಿನ ಟೈಮ್‌ಲೈನ್ (ಫ್ರೇಮ್‌ಗಳ ಸಾಲು) ಎಲ್ಲಾ ಅದರದ್ದು. ಅದನ್ನು ಸ್ಟೇಜ್ (ದೃಶ್ಯ ಜೋಡಿಸುವ ಹಾಳೆ) ಮೇಲೆ ಎಳೆದು ಇಟ್ಟಾಗ ಹುಟ್ಟುವುದು ಇನ್‌ಸ್ಟೆನ್ಸ್. ಜಾಗ, ಅಳತೆ, ತಿರುಗಿದ ಕೋನ, ಟಿಂಟ್ (ಮೇಲೆ ಬಳಿದ ಬಣ್ಣ), ಆಲ್ಫಾ (ಎಷ್ಟು ಪಾರದರ್ಶಕ ಅನ್ನುವುದು), ಲೂಪಿಂಗ್, ಇನ್‌ಸ್ಟೆನ್ಸ್ ಹೆಸರು ಇವು ಅದರದ್ದು. ಮೂವಿ ಕ್ಲಿಪ್ಪೋ, ಗ್ರಾಫಿಕ್ಕೋ, ಬಟನ್ನೋ ಅನ್ನುವುದು ಕೂಡ ಇನ್‌ಸ್ಟೆನ್ಸ್‌ಗೇ ಸೇರಿದ್ದು. ಈ ಕೊನೆಯ ಮಾತು ಬಹಳ ಜನರಿಗೆ ಗೊತ್ತಿರುವುದಿಲ್ಲ. ಅರ್ಧ ತೊಂದರೆ ಅಲ್ಲಿಂದಲೇ ಬರುತ್ತದೆ.

ಏನನ್ನೇ ಮುಟ್ಟುವ ಮೊದಲು ಮೂರು ಕೆಲಸ ಮಾಡಿ. ಫೈಲನ್ನು ಸೇವ್ ಆ್ಯಸ್ ಮಾಡಿ, ಬೇರೆ ಹೆಸರು ಕೊಡಿ. ತೊಂದರೆ ಕೊಡುವ ಚಿತ್ರದ ಮೇಲೆ ಒಂದು ಸಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ಪ್ಯಾನಲ್ ಏನು ಹೇಳುತ್ತದೆ ನೋಡಿ: ಶೇಪ್, ಗ್ರೂಪ್, ಗ್ರಾಫಿಕ್, ಮೂವಿ ಕ್ಲಿಪ್. ಕೊನೆಗೆ ಸ್ಟೇಜ್ ಮೇಲ್ಗಡೆಯ ಎಡಿಟ್ ಬಾರ್ ನೋಡಿ. ಅಲ್ಲಿ ಬರೀ ಸೀನ್ 1 ಅಂತ ಇದ್ದರೆ ನೀವು ಹೊರಗಿದ್ದೀರಿ. ಅದರ ಪಕ್ಕದಲ್ಲಿ ಸಿಂಬಲ್ ಹೆಸರೂ ಇದ್ದರೆ ಒಳಗಿದ್ದೀರಿ. ಇಷ್ಟಕ್ಕೇ ಎಷ್ಟೋ ಸಲ ಉತ್ತರ ಸಿಕ್ಕಿಬಿಡುತ್ತದೆ.

ಒಂದು ಕಡೆ ತಿದ್ದಿದೆ, ಎಲ್ಲಾ ಕಡೆ ಬದಲಾಯ್ತು

ಪುಟ್ಟಿ ಅನ್ನುವ ಪಾತ್ರ ಇದೆ ಅಂದುಕೊಳ್ಳಿ. ಮೂರನೇ ಸೀನ್‌ನಲ್ಲಿ ಅವಳ ಲಂಗಕ್ಕೆ ಕೆಂಪು ಬಣ್ಣ ತುಂಬಿದಿರಿ. ಮೊದಲ ಸೀನ್‌ನಲ್ಲೂ ಲಂಗ ಕೆಂಪಾಯ್ತು. ಇದು ದೋಷವೇ ಅಲ್ಲ. ಡಬಲ್ ಕ್ಲಿಕ್ ಮಾಡಿ ಒಳಗೆ ಹೋಗಿ ತಿದ್ದಿದ್ದೀರಿ, ಅಂದರೆ ಸಿಂಬಲ್ಲನ್ನೇ ತಿದ್ದಿದ್ದೀರಿ. ಕಂಟ್ರೋಲ್ ಮತ್ತು ಝಡ್ ಒತ್ತಿ ವಾಪಸ್ ಬನ್ನಿ.

ಬಣ್ಣ ಮಾತ್ರ ಬೇರೆ ಬೇಕು ಅಂದರೆ ಹೊರಗಿನಿಂದಲೇ ಇನ್‌ಸ್ಟೆನ್ಸ್ ಆಯ್ದುಕೊಂಡು ಕಲರ್ ಎಫೆಕ್ಟ್‌ನಲ್ಲಿ ಟಿಂಟ್ ಕೊಡಿ. ಖರ್ಚಿಲ್ಲದ ದಾರಿ ಅದೇ. ಆದರೆ ಟಿಂಟ್ ಇಡೀ ಇನ್‌ಸ್ಟೆನ್ಸ್‌ಗೆ ಬೀಳುತ್ತದೆ. ಲಂಗವೇ ಒಂದು ಪ್ರತ್ಯೇಕ ಸಿಂಬಲ್ ಆಗಿದ್ದರೆ ಸರಿ, ಇಲ್ಲದಿದ್ದರೆ ಪುಟ್ಟಿಯ ಮುಖವೂ ಕೆಂಪು!

ಚಿತ್ರವೇ ಬೇರೆ ಬೇಕಾದರೆ ಬಲ ಕ್ಲಿಕ್ ಮಾಡಿ ಡೂಪ್ಲಿಕೇಟ್ ಸಿಂಬಲ್ ಆರಿಸಿ. ಹೊಸ ಹೆಸರು ಕೇಳುತ್ತದೆ, ಕೊಡಿ. ಆ ಇನ್‌ಸ್ಟೆನ್ಸ್ ಈಗ ಹೊಸ ಸಿಂಬಲ್‌ಗೆ ಸೇರಿದೆ, ಹಳೆಯದು ಹಾಗೇ ಉಳಿದಿದೆ.

"ಡೂಪ್ಲಿಕೇಟ್ ಮಾಡಿದೆ, ಆದರೂ ಹಳೆಯದು ಬದಲಾಗ್ತಿದೆ" ಅನ್ನುವವರು ಸಿಗುತ್ತಾರೆ. ಇದು ನಿಜವಾಗಿ ತಲೆ ಕೆಡಿಸುವ ಜಾಗ. ಡೂಪ್ಲಿಕೇಟ್ ಸಿಂಬಲ್ ನಕಲು ಮಾಡುವುದು ಹೊರಗಿನ ಪದರವನ್ನು ಮಾತ್ರ. ಪುಟ್ಟಿಯ ಒಳಗೆ ಕೈ, ಕೈಯ ಒಳಗೆ ಬೆರಳು ಅಂತ ಸಿಂಬಲ್‌ಗಳಿದ್ದರೆ, ನಕಲಾಗುವುದು ಪುಟ್ಟಿ ಮಾತ್ರ. ಹೊಸ ಪುಟ್ಟಿಯೂ ಹಳೆಯ ಕೈಯನ್ನೇ ಬಳಸುತ್ತಿರುತ್ತಾಳೆ. ಹೊಸ ಪುಟ್ಟಿಯ ಒಳಗೆ ಹೋಗಿ ಕೈ ತಿದ್ದಿದರೆ ಇಬ್ಬರಿಗೂ ಬದಲಾಗುತ್ತದೆ. ಪರಿಹಾರ ಸ್ವಲ್ಪ ಬೇಜಾರಿನದು: ಹೊಸ ಪುಟ್ಟಿಯ ಒಳಗೆ ಹೋಗಿ, ಬದಲಾಯಿಸಬೇಕಾದ ಪ್ರತಿ ಭಾಗವನ್ನೂ ಮತ್ತೆ ಡೂಪ್ಲಿಕೇಟ್ ಮಾಡಬೇಕು. ಬದಲಾಗದ ಭಾಗಗಳನ್ನು ಸುಮ್ನೆ ಬಿಡಿ. ಎರಡೂ ಪಾತ್ರಗಳಿಗೆ ಒಂದೇ ಕಿವಿ ಸಾಕು ಅಂದರೆ ಹಂಚಿಕೊಳ್ಳಲಿ, ಸಿಂಬಲ್ ಇರುವುದೇ ಅದಕ್ಕೆ.

ತಿದ್ದಿದೆ, ಆದರೆ ಈ ಒಂದು ಕಡೆ ಮಾತ್ರ ಬದಲಾಗುತ್ತಿಲ್ಲ

ಬದಲಾಗದೆ ಉಳಿದದ್ದನ್ನು ಕ್ಲಿಕ್ ಮಾಡಿ. ಪ್ರಾಪರ್ಟೀಸ್‌ನಲ್ಲಿ ಶೇಪ್ ಅಥವಾ ಗ್ರೂಪ್ ಅಂತ ಬಂದರೆ, ಯಾರೋ ಯಾವಾಗಲೋ ಕಂಟ್ರೋಲ್ ಮತ್ತು ಬಿ ಒತ್ತಿ ಅದನ್ನು ಒಡೆದಿದ್ದಾರೆ. ಅದಕ್ಕೂ ಲೈಬ್ರರಿಗೂ ಈಗ ಸಂಬಂಧವಿಲ್ಲ. ಅಳಿಸಿ, ಲೈಬ್ರರಿಯಿಂದ ಹೊಸದಾಗಿ ಎಳೆದು ತನ್ನಿ. ಒಡೆದದ್ದರ ಮೇಲೆ ಮತ್ತೆ ಎಫ್8 ಒತ್ತಿದರೆ ಇನ್ನೊಂದು ಹೊಸ ಸಿಂಬಲ್ ಆಗುತ್ತದೆಯೇ ಹೊರತು ಹಳೆಯ ನಂಟು ವಾಪಸ್ ಬರುವುದಿಲ್ಲ.

ಸಿಂಬಲ್ ಅಂತಲೇ ತೋರಿಸಿದರೆ ಯಾವ ಸಿಂಬಲ್‌ನ ಇನ್‌ಸ್ಟೆನ್ಸ್ ಅನ್ನುವ ಸಾಲು ಓದಿ. ನೀವು ತಿದ್ದಿದ್ದು ಕೈ, ಇಲ್ಲಿರುವುದು ಕೈ ಕಾಪಿ ಆಗಿರಬಹುದು. ಹಾಗಿದ್ದರೆ ಸ್ವಾಪ್ ಒತ್ತಿ ಸರಿಯಾದದ್ದನ್ನು ಆರಿಸಿ. ಜಾಗ, ಅಳತೆ, ಟಿಂಟ್ ಎಲ್ಲಾ ಹಾಗೇ ಉಳಿಯುತ್ತವೆ.

ಒಳಗೆ ಅನಿಮೇಷನ್ ಇದೆ, ಹೊರಗೆ ಅಲುಗಾಡುತ್ತಿಲ್ಲ

ಮೊದಲು ಟೆಸ್ಟ್ ಮಾಡಿ, ಕಂಟ್ರೋಲ್ ಮತ್ತು ಎಂಟರ್. ಟೆಸ್ಟ್‌ನಲ್ಲಿ ಓಡುತ್ತದೆ, ಟೈಮ್‌ಲೈನ್ ಎಳೆದಾಗ ಮಾತ್ರ ಓಡುವುದಿಲ್ಲ ಅಂದರೆ ಅದು ಮೂವಿ ಕ್ಲಿಪ್. ಮೂವಿ ಕ್ಲಿಪ್‌ಗೆ ತನ್ನದೇ ಟೈಮ್‌ಲೈನ್ ಇದೆ, ಹೊರಗಿನ ಟೈಮ್‌ಲೈನ್‌ನ ಹಂಗಿಲ್ಲ. ಹಾಗಾಗಿ ಕೆಲಸ ಮಾಡುವಾಗ ಸ್ಟೇಜ್ ಮೇಲೆ ಅದರ ಮೊದಲ ಫ್ರೇಮ್ ಮಾತ್ರ ಕಾಣುತ್ತದೆ. ಕೆಟ್ಟಿಲ್ಲ.

ಆದರೆ ಹಾಡಿಗೋ ಮಾತಿಗೋ ಹೊಂದಿಸಿ ವಿಡಿಯೋ ಮಾಡುವವರಿಗೆ ಇದು ತೊಡಕು. ಪಾತ್ರಗಳಿಗೆ ಮೂವಿ ಕ್ಲಿಪ್ ಬಳಸಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಗ್ರಾಫಿಕ್ ಆದರೆ ಎಳೆದ ಫ್ರೇಮ್‌ನಲ್ಲಿ ಏನಿದೆಯೋ ಅದೇ ಕಾಣುತ್ತದೆ. ಮೂವಿ ಕ್ಲಿಪ್ ಆಟಗಳಿಗೆ, ಬ್ಯಾನರ್‌ಗಳಿಗೆ, ಕೋಡ್ ಬರೆಯುವ ಕಡೆಗೆ ಇರಲಿ. ಗ್ರಾಫಿಕ್ ಒಳಗೆ ಹಾಕಿದ ಶಬ್ದ ಮತ್ತು ಕೋಡ್ ಕೆಲಸ ಮಾಡುವುದಿಲ್ಲ ಅನ್ನುವುದು ನೆನಪಿರಲಿ. "ಹೆಜ್ಜೆ ಸದ್ದು ಕೇಳ್ತಿಲ್ಲ" ಅನ್ನುವ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ. ಶಬ್ದವನ್ನು ಮುಖ್ಯ ಟೈಮ್‌ಲೈನ್‌ಗೆ ತನ್ನಿ.

ಸರಿ, ಲೈಬ್ರರಿಯಲ್ಲಿ ಸಿಂಬಲ್‌ನ ಪ್ರಾಪರ್ಟೀಸ್ ತೆಗೆದು ಗ್ರಾಫಿಕ್ ಅಂತ ಬದಲಾಯಿಸಿದಿರಿ. ಸ್ಟೇಜ್ ಮೇಲೆ ಏನೂ ಬದಲಾಗಲಿಲ್ಲ. ಶುರುವಿನಲ್ಲಿ ಹೇಳಿದ್ದು ಇದನ್ನೇ. ಲೈಬ್ರರಿಯ ಬದಲಾವಣೆ ಇನ್ನು ಮುಂದೆ ಎಳೆದು ತರುವ ಇನ್‌ಸ್ಟೆನ್ಸ್‌ಗಳಿಗೆ ಮಾತ್ರ ಅನ್ವಯ. ಈಗಾಗಲೇ ಇಟ್ಟದ್ದನ್ನು ಆಯ್ದುಕೊಂಡು ಪ್ರಾಪರ್ಟೀಸ್ ಪ್ಯಾನಲ್‌ನಲ್ಲೇ ಬದಲಾಯಿಸಬೇಕು. ಪ್ರತಿ ಕೀಫ್ರೇಮ್‌ನಲ್ಲೂ (ಬದಲಾವಣೆ ಗುರುತಿಸಿದ ಫ್ರೇಮ್) ಬದಲಾಯಿಸಬೇಕು. ಕೀಫ್ರೇಮ್ ಜಾಸ್ತಿ ಇದ್ದರೆ ಎಡಿಟ್ ಮಲ್ಟಿಪಲ್ ಫ್ರೇಮ್ಸ್ ಹಾಕಿಕೊಂಡು ಒಟ್ಟಿಗೆ ಆಯ್ದುಕೊಳ್ಳಿ, ಬೇರೆ ಲೇಯರ್‌ಗಳಿಗೆ ಬೀಗ ಹಾಕಿ.

ಟೆಸ್ಟ್‌ನಲ್ಲೂ ಓಡುತ್ತಿಲ್ಲ ಅಂದರೆ, ಮತ್ತು ಅದು ಗ್ರಾಫಿಕ್ ಆಗಿದ್ದರೆ, ಲೂಪಿಂಗ್ ನೋಡಿ. ಸಿಂಗಲ್ ಫ್ರೇಮ್ ಅಂತ ಇದ್ದರೆ ಲೂಪ್ ಅಥವಾ ಪ್ಲೇ ಒನ್ಸ್ ಮಾಡಿ. ಅದು ಸರಿ ಇದ್ದರೆ ಫ್ರೇಮ್ ಎಣಿಸಿ. ಗ್ರಾಫಿಕ್ ಓಡುವುದು ಹೊರಗಿನ ಟೈಮ್‌ಲೈನ್ ಜೊತೆಗೇ. ಒಳಗೆ 24 ಫ್ರೇಮ್‌ನ ನಡಿಗೆ ಇದ್ದು, ಹೊರಗೆ 10 ಫ್ರೇಮ್ ಮಾತ್ರ ಇದ್ದರೆ ಹತ್ತೇ ಕಾಣುತ್ತದೆ. ಹೊರಗೆ ಒಂದೇ ಫ್ರೇಮ್ ಇದ್ದರೆ ಪುಟ್ಟಿ ಕಾಲೆತ್ತಿ ನಿಂತೇ ಇರುತ್ತಾಳೆ. ಎಫ್5 ಒತ್ತಿ ಫ್ರೇಮ್ ಸೇರಿಸಿ.

ಮುಖ್ಯ ಟೈಮ್‌ಲೈನ್‌ನಲ್ಲಿ ಬೇಕಾದಷ್ಟು ಫ್ರೇಮ್ ಇದೆ, ಆದರೂ ಕಣ್ಣು ಮಿಟುಕುತ್ತಿಲ್ಲ? ನಡುವಿನ ಪದರಗಳನ್ನು ನೋಡಿ. ಕಣ್ಣು ತಲೆಯೊಳಗಿದೆ, ತಲೆ ದೇಹದೊಳಗಿದೆ. ಎಲ್ಲಾ ಗ್ರಾಫಿಕ್. ತಲೆಯ ಟೈಮ್‌ಲೈನ್ ಒಂದೇ ಫ್ರೇಮ್ ಇದ್ದರೆ ಕಣ್ಣಿಗೆ ಓಡಲು ಜಾಗವೇ ಇಲ್ಲ. ಪ್ರತಿ ಪದರದಲ್ಲೂ ಕನಿಷ್ಠ ಕಣ್ಣಿನ ಅನಿಮೇಷನ್‌ನಷ್ಟು ಫ್ರೇಮ್ ಬೇಕು. ಬಹುಪಾಲು "ಕೆಟ್ಟುಹೋದ" ಪಾತ್ರಗಳು ಇಲ್ಲೇ ರಿಪೇರಿ ಆಗುತ್ತವೆ.

ಓಡುತ್ತದೆ, ಆದರೆ ಪ್ರತಿ ಸುತ್ತಿಗೂ ಒಂದು ಕ್ಷಣ ತಡವರಿಸುತ್ತದೆ ಅನ್ನುವುದು ಬೇರೆ ಕಥೆ. ಲೂಪ್‌ನ ಕೊನೆಯ ಫ್ರೇಮ್ ಮತ್ತು ಮೊದಲ ಫ್ರೇಮ್ ಒಂದೇ ಚಿತ್ರ ಆಗಿರುತ್ತದೆ. ಕೊನೆಯದನ್ನು ತೆಗೆಯಿರಿ.

ಬಾಯಿಯ ಆಕಾರ ಒಂದು ಕೀಫ್ರೇಮ್‌ನಲ್ಲಿ ಬದಲಾಯಿಸಿದರೆ ಮುಂದಿನದ್ದೂ ಬದಲಾಗುತ್ತದೆ

ಬಾಯಿಯ ಆಕಾರಗಳನ್ನೆಲ್ಲ ಒಂದೇ ಗ್ರಾಫಿಕ್‌ನ ಬೇರೆ ಬೇರೆ ಫ್ರೇಮ್‌ಗಳಲ್ಲಿಟ್ಟು, ಹೊರಗಿನಿಂದ ಫ್ರೇಮ್ ಆರಿಸುವ ಪದ್ಧತಿ ಒಳ್ಳೆಯದು. ಆದರೆ ಆ ಲೇಯರ್‌ನಲ್ಲಿ ಕ್ಲಾಸಿಕ್ ಟ್ವೀನ್ (ಎರಡು ಕೀಫ್ರೇಮ್‌ಗಳ ನಡುವಿನ ಚಲನೆಯನ್ನು ಅನಿಮೇಟ್ ತಾನೇ ತುಂಬುವುದು) ಇದ್ದರೆ ಟ್ವೀನ್‌ನ ಸಿಂಕ್ ಆಯ್ಕೆ ಅಡ್ಡ ಬರುತ್ತದೆ. ಸಿಂಕ್ ಆನ್ ಇದ್ದರೆ ಮುಂದಿನ ಕೀಫ್ರೇಮ್‌ಗಳು ಮೊದಲನೆಯದನ್ನು ಹಿಂಬಾಲಿಸುತ್ತವೆ. ಸ್ವಾಪ್ ಮಾಡಿದ ಸಿಂಬಲ್ಲೂ ಹಾಗೇ ಹರಡುತ್ತದೆ. ಟ್ವೀನ್ ಇರುವ ಫ್ರೇಮ್‌ಗಳನ್ನು ಆಯ್ದುಕೊಂಡು ಸಿಂಕ್ ತೆಗೆಯಿರಿ, ಆಮೇಲೆ ಬಾಯಿಗಳನ್ನು ಮತ್ತೆ ಹೊಂದಿಸಿ. ನಿಂತ ಬಾಯಿಗೆ ಲೂಪಿಂಗ್ ಸಿಂಗಲ್ ಫ್ರೇಮ್‌ನಲ್ಲೇ ಇರಬೇಕು, ಇಲ್ಲದಿದ್ದರೆ ಪಾತ್ರ ಸುಮ್ಮನೆ ಬಡಬಡಿಸುತ್ತದೆ.

ಕೈ ಭುಜದಿಂದ ತಿರುಗುವ ಬದಲು ನಡುವಿನಿಂದ ತಿರುಗುತ್ತದೆ

ಇಲ್ಲಿ ಎರಡು ಬಿಂದುಗಳಿವೆ, ಜನ ಬೆರೆಸಿಬಿಡುತ್ತಾರೆ. ಸಣ್ಣ ಕೂಡಿಸುವ ಗುರುತು ರಿಜಿಸ್ಟ್ರೇಷನ್ ಪಾಯಿಂಟ್. ಅದು ಸಿಂಬಲ್‌ನ ಒಳಗಿನ ಸೊನ್ನೆ, ಅಳತೆ ಶುರುವಾಗುವ ಜಾಗ. ಬಿಳಿ ವೃತ್ತ ಟ್ರಾನ್ಸ್‌ಫರ್ಮೇಷನ್ ಪಾಯಿಂಟ್. ತಿರುಗುವುದು ಇದರ ಸುತ್ತ. ತೊಗಲುಗೊಂಬೆಯ ಮೊಣಕೈಗೆ ದಾರ ಕಟ್ಟಿದ ಜಾಗ ಇದೆಯಲ್ಲ, ಬಿಳಿ ವೃತ್ತ ಅದು.

ಕ್ಯೂ ಒತ್ತಿ ಫ್ರೀ ಟ್ರಾನ್ಸ್‌ಫರ್ಮ್ ತೆಗೆದುಕೊಳ್ಳಿ, ವೃತ್ತವನ್ನು ಭುಜಕ್ಕೆ ಎಳೆಯಿರಿ. ಕೀಫ್ರೇಮ್ ಹಾಕುವ ಮೊದಲೇ ಇದನ್ನು ಮಾಡಿ. ಟ್ವೀನ್‌ನ ಎರಡು ತುದಿಗಳಲ್ಲಿ ವೃತ್ತ ಬೇರೆ ಬೇರೆ ಕಡೆ ಇದ್ದರೆ ತುದಿಗಳಲ್ಲಿ ಕೈ ಸರಿಯಾಗಿರುತ್ತದೆ, ನಡುವೆ ಭುಜದಿಂದ ಕಳಚಿ ತೇಲುತ್ತದೆ. ಅದೇ ಇದರ ಗುರುತು. ಆಗ ಎರಡನೇ ಕೀಫ್ರೇಮ್ ತೆಗೆದು, ಮೊದಲನೆಯದರಲ್ಲಿ ವೃತ್ತ ಸರಿ ಮಾಡಿ, ಮತ್ತೆ ಎಫ್6 ಒತ್ತಿ ಕೀಫ್ರೇಮ್ ಹಾಕುವುದು ಬೇಗ ಆಗುತ್ತದೆ.

ಮುಷ್ಟಿ ಬಿಗಿದ ಕೈಗೆ ಬೆರಳು ಬಿಡಿಸಿದ ಕೈ ಸ್ವಾಪ್ ಮಾಡಿದಾಗ ಜಾಗ ಬಿಟ್ಟು ಹಾರಿದರೆ ಕೂಡಿಸುವ ಗುರುತನ್ನು ನೋಡಿ. ಒಂದರಲ್ಲಿ ಅದು ಮಣಿಕಟ್ಟಿನ ಮೇಲಿದೆ, ಇನ್ನೊಂದರಲ್ಲಿ ಚಿತ್ರದ ಮೂಲೆಯಲ್ಲಿದೆ. ಎರಡನೆಯದರ ಒಳಗೆ ಹೋಗಿ, ಎಲ್ಲಾ ಲೇಯರ್ ಆಯ್ದುಕೊಂಡು, ಮಣಿಕಟ್ಟು ಆ ಗುರುತಿನ ಮೇಲೆ ಬರುವಂತೆ ಚಿತ್ರವನ್ನೇ ಸರಿಸಿ. ಎಚ್ಚರ: ಆ ಕೈ ಈಗಾಗಲೇ ಬೇರೆ ಸೀನ್‌ಗಳಲ್ಲಿ ಇದ್ದರೆ ಅಲ್ಲೆಲ್ಲ ಜರುಗುತ್ತದೆ. ಅರ್ಧ ಮುಗಿದ ಪ್ರಾಜೆಕ್ಟ್ ಆಗಿದ್ದರೆ ಡೂಪ್ಲಿಕೇಟ್ ಮಾಡಿಕೊಂಡು ಅದನ್ನು ಸರಿಸಿ, ಮೂಲವನ್ನು ಮುಟ್ಟಬೇಡಿ.

ಟ್ವೀನ್ ಗೆರೆ ಚುಕ್ಕಿಚುಕ್ಕಿಯಾಗಿದೆ

ಬಾಣದ ಗೆರೆ ಪೂರ್ತಿ ಇದ್ದರೆ ಟ್ವೀನ್ ಸರಿ ಇದೆ. ತುಂಡುತುಂಡಾಗಿದ್ದರೆ ಕೊನೆಯ ಕೀಫ್ರೇಮ್ ಇಲ್ಲ, ಅಥವಾ ಆ ಲೇಯರ್‌ನಲ್ಲಿ ಎರಡು ವಸ್ತುಗಳಿವೆ. ಕ್ಲಾಸಿಕ್ ಟ್ವೀನ್‌ಗೆ ಒಂದು ಲೇಯರ್‌ನಲ್ಲಿ ಒಂದೇ ಇನ್‌ಸ್ಟೆನ್ಸ್ ಇರಬೇಕು. ಶೇಪ್ ಟ್ವೀನ್ ಆಗಿದ್ದರೆ ಉಲ್ಟಾ: ಅದಕ್ಕೆ ಸಿಂಬಲ್ ಆಗುವುದಿಲ್ಲ, ಒಡೆದ ಶೇಪ್ ಬೇಕು. ಒಳಗೆ ಅನಿಮೇಷನ್ ಇರುವ ಸಿಂಬಲ್ ಒಡೆದರೆ ಒಂದೇ ಫ್ರೇಮ್‌ನ ಚಿತ್ರ ಉಳಿಯುತ್ತದೆ, ಉಳಿದದ್ದು ಸ್ಟೇಜ್‌ನಿಂದ ಹೋಗುತ್ತದೆ. ಲೈಬ್ರರಿಯಲ್ಲಿ ಮಾತ್ರ ಭದ್ರವಾಗಿರುತ್ತದೆ.

ಕಾಣುತ್ತಿಲ್ಲ, ಅಥವಾ ಕಂಡರೂ ಕ್ಲಿಕ್ ಆಗುತ್ತಿಲ್ಲ

ಲೇಯರ್‌ನ ಕಣ್ಣು ಮತ್ತು ಬೀಗ ನೋಡಿ. ಆಮೇಲೆ ಕಲರ್ ಎಫೆಕ್ಟ್‌ನಲ್ಲಿ ಆಲ್ಫಾ 0 ಉಳಿದಿದೆಯಾ ನೋಡಿ, ಫೇಡ್ ಮಾಡಿ ಮರೆತ ಕೀಫ್ರೇಮ್ ಕಾಪಿ ಆಗಿರುತ್ತದೆ. ಉಳಿದದ್ದೆಲ್ಲ ಮಸುಕಾಗಿದ್ದರೆ ನೀವು ಯಾವುದೋ ಸಿಂಬಲ್ ಒಳಗಿದ್ದೀರಿ, ಎಡಿಟ್ ಬಾರ್‌ನಲ್ಲಿ ಸೀನ್ 1 ಒತ್ತಿ.

ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ

ಲೈಬ್ರರಿಯ ಹೆಸರು ಬೇರೆ, ಇನ್‌ಸ್ಟೆನ್ಸ್ ಹೆಸರು ಬೇರೆ. ಕೋಡ್‌ಗೆ ಬೇಕಾದದ್ದು ಎರಡನೆಯದು. ಆಯ್ದುಕೊಂಡು ನೋಡಿ, ಆ ಜಾಗ ಖಾಲಿ ಇರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ, ಅಂಕಿಯಿಂದ ಶುರು ಮಾಡದೆ ಹೆಸರು ಕೊಡಿ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಅನಿಮೇಟ್‌ನಲ್ಲಿ ಬಳಸುವ ಕೋಡ್ ಭಾಷೆ ಆ್ಯಕ್ಷನ್‌ಸ್ಕ್ರಿಪ್ಟ್ 3ರಲ್ಲಿ 1009 ಅನ್ನುವ ಎರರ್ ಬಂದರೆ, ಕೋಡ್ ಹುಡುಕಿದ ವಸ್ತು ಆ ಕ್ಷಣಕ್ಕೆ ಅಲ್ಲಿಲ್ಲ ಅಂತ ಅರ್ಥ: ಹೆಸರು ತಪ್ಪಿದೆ, ಇಲ್ಲವೇ ಆ ವಸ್ತು ಮುಂದಿನ ಫ್ರೇಮ್‌ನಲ್ಲಿದೆ. ಇನ್‌ಸ್ಟೆನ್ಸ್ ಗ್ರಾಫಿಕ್ ಆಗಿದ್ದರೆ ಹೆಸರು ಕೊಡುವ ಜಾಗವೇ ಇರುವುದಿಲ್ಲ.

ಲೈಬ್ರರಿ ತುಂಬಾ ಸಿಂಬಲ್ 14, ಟ್ವೀನ್ 37

ಟ್ವೀನ್ 1, ಟ್ವೀನ್ 2 ಅನ್ನುವ ಹೆಸರು ನೀವು ಕೊಟ್ಟದ್ದಲ್ಲ. ಸಿಂಬಲ್ ಮಾಡದೆ ಶೇಪ್ ಮೇಲೆ ಕ್ಲಾಸಿಕ್ ಟ್ವೀನ್ ಹಾಕಿದಾಗ ಅನಿಮೇಟ್ ತಾನೇ ಹುಟ್ಟಿಸುತ್ತದೆ. ಎರಡು ತುದಿಗೆ ಎರಡು ಬೇರೆ ಸಿಂಬಲ್ ಆಗಿರುತ್ತದೆ. ಆಮೇಲೆ ಒಂದನ್ನು ತಿದ್ದಿದರೆ ಟ್ವೀನ್‌ನ ಕೊನೆಯಲ್ಲಿ ಚಿತ್ರ ಪಕ್ಕನೆ ಬದಲಾಗುತ್ತದೆ. ಟ್ವೀನ್‌ಗೆ ಮೊದಲು ಎಫ್8, ಈ ಅಭ್ಯಾಸ ಇಲ್ಲದ ತಂಡದ ಫೈಲ್ ತೆರೆಯಲು ನನಗೇ ಭಯ.

ಹೆಸರು ಬದಲಾಯಿಸಲು, ಫೋಲ್ಡರ್‌ಗೆ ಸರಿಸಲು ಹೆದರಬೇಕಿಲ್ಲ. ಸ್ಟೇಜ್ ಮೇಲಿನ ಇನ್‌ಸ್ಟೆನ್ಸ್‌ಗಳ ನಂಟು ಹಾಗೇ ಇರುತ್ತದೆ. ಪಾತ್ರಕ್ಕೊಂದು ಫೋಲ್ಡರ್, ಅದರೊಳಗೆ ತಲೆ, ಕೈ, ಕಾಲು. ಹಿನ್ನೆಲೆಗೆ ಒಂದು, ಫೋಟೋಗಳಿಗೆ ಒಂದು, ಶಬ್ದಕ್ಕೆ ಒಂದು. ಇದಕ್ಕಿಂತ ಜಾಸ್ತಿ ವಿಂಗಡಣೆ ಮಾಡಿದರೆ ಹುಡುಕುವುದೇ ಕೆಲಸವಾಗುತ್ತದೆ.

ಅಳಿಸುವುದು ಮಾತ್ರ ಅಪಾಯದ ಕೆಲಸ. ಲೈಬ್ರರಿಯಿಂದ ಸಿಂಬಲ್ ತೆಗೆದರೆ ಅದರ ಎಲ್ಲಾ ಇನ್‌ಸ್ಟೆನ್ಸ್‌ಗಳೂ ಹೋಗುತ್ತವೆ. ಫೋಲ್ಡರ್ ತೆಗೆದರೆ ಒಳಗಿನದ್ದೆಲ್ಲ ಹೋಗುತ್ತದೆ. ಪ್ಯಾನಲ್‌ನ ಮೆನುವಿನಲ್ಲಿ ಸೆಲೆಕ್ಟ್ ಅನ್‌ಯೂಸ್ಡ್ ಐಟಮ್ಸ್ ಇದೆ, ಅದು ಬಳಸದ್ದನ್ನು ಗುರುತಿಸಿಕೊಡುತ್ತದೆ. ಆದರೆ ಕೋಡ್ ಮೂಲಕ ಕರೆಯುವ ಸಿಂಬಲ್ ಸ್ಟೇಜ್ ಮೇಲೆ ಇರುವುದಿಲ್ಲ. ಲಿಂಕೇಜ್ ಕಾಲಂನಲ್ಲಿ ಹೆಸರಿದ್ದರೆ ಮುಟ್ಟಬೇಡಿ. ಅಂದಹಾಗೆ, ಬಳಸದ ಸಿಂಬಲ್‌ಗಳು ಪಬ್ಲಿಷ್ ಆದ ಫೈಲ್‌ಗೆ ಹೋಗುವುದಿಲ್ಲ, ಕೋಡ್‌ಗಾಗಿ ಎಕ್ಸ್‌ಪೋರ್ಟ್ ಅಂತ ಗುರುತು ಹಾಕಿದ್ದರೆ ಮಾತ್ರ ಹೋಗುತ್ತವೆ. ಭಾರ ಆಗುವುದು ನಿಮ್ಮ ಮೂಲ ಫೈಲ್ ಮಾತ್ರ. ಹಾಗಾಗಿ ಕೆಲಸ ಒಪ್ಪಿಸುವ ದಿನ ಶುಚಿ ಮಾಡಲು ಕೂರಬೇಡಿ.

ಬೇರೆ ಫೈಲ್‌ನಿಂದ ಪೇಸ್ಟ್ ಮಾಡಿದೆ, ನನ್ನ ಪಾತ್ರವೇ ಬದಲಾಯ್ತು

ಎರಡೂ ಫೈಲ್‌ಗಳಲ್ಲಿ ಸಿಂಬಲ್ 1 ಇತ್ತು. ಅನಿಮೇಟ್ ಕೇಳಿತು, ನೀವು ಓದದೆ ರೀಪ್ಲೇಸ್ ಒತ್ತಿದಿರಿ. ಅಷ್ಟೇ ಅಲ್ವಾ? ಆ ಪೆಟ್ಟಿಗೆಯಲ್ಲಿ ಮೂರು ದಾರಿ ಇರುತ್ತದೆ: ಇರುವುದನ್ನು ಉಳಿಸು, ಇರುವುದರ ಬದಲು ಹೊಸದನ್ನು ಇಡು, ಎರಡನ್ನೂ ಉಳಿಸಿ ಹೊಸದನ್ನು ಬೇರೆ ಫೋಲ್ಡರ್‌ನಲ್ಲಿಡು. ಗೊತ್ತಾಗದಿದ್ದರೆ ಮೂರನೆಯದೇ ಸುರಕ್ಷಿತ. ಬದಲಾಯಿಸಿದ್ದನ್ನು ಅನ್‌ಡೂ ಮಾಡಿ ವಾಪಸ್ ತರಲು ಆಗುವುದಿಲ್ಲ. ಈಗಾಗಲೇ ಒತ್ತಿದ್ದರೆ ಸೇವ್ ಮಾಡಬೇಡಿ. ಫೈಲ್ ಮುಚ್ಚಿ, ಕೊನೆಯ ಸಲ ಸೇವ್ ಆದದ್ದನ್ನು ತೆರೆಯಿರಿ. ನಡುವೆ ಹೋದ ಅರ್ಧ ಗಂಟೆಯ ಕೆಲಸಕ್ಕಿಂತ ಪಾತ್ರ ದೊಡ್ಡದು.

ಫೈಲ್ ತೆವಳುತ್ತಿದೆ

ವ್ಯೂ ಮೆನುವಿನಲ್ಲಿ ಪ್ರಿವ್ಯೂ ಮೋಡನ್ನು ಔಟ್‌ಲೈನ್ಸ್‌ಗೆ ಹಾಕಿ ನೋಡಿ. ಹಗುರಾದರೆ ಚಿತ್ರದ ಭಾರ. ಲೇಯರ್‌ಗಳನ್ನು ಒಂದೊಂದಾಗಿ ಮುಚ್ಚಿ ಯಾವುದು ಅಂತ ಹಿಡಿಯಿರಿ. ಹೆಚ್ಚಾಗಿ ಸಿಕ್ಕಿಬೀಳುವುದು ಟ್ರೇಸ್ ಬಿಟ್‌ಮ್ಯಾಪ್ ಮಾಡಿದ (ಫೋಟೋವನ್ನು ಶೇಪ್‌ಗಳಾಗಿ ಬದಲಾಯಿಸಿದ) ಹಿನ್ನೆಲೆ, ಸಾವಿರಾರು ಬಿಂದುಗಳು ಇರುತ್ತವೆ. ಮಾಡಿಫೈ, ಶೇಪ್, ಆಪ್ಟಿಮೈಸ್ ಮಾಡಿ, ಅಥವಾ ಅದನ್ನು ಫೋಟೋ ಆಗಿಯೇ ಬಳಸಿ. 1920 ಅಗಲದ ಸ್ಟೇಜ್‌ಗೆ ಮೊಬೈಲ್ ಕ್ಯಾಮೆರಾದ ಪೂರ್ಣ ಗಾತ್ರದ ಫೋಟೋ ಬೇಕಿಲ್ಲ. ಬ್ಲರ್, ಗ್ಲೋ ಫಿಲ್ಟರ್‌ಗಳನ್ನು ಕೆಲಸ ಮುಗಿಯುವವರೆಗೆ ಆಫ್ ಮಾಡಿಡಿ.

ಫೈಲ್ ತೆರೆಯುತ್ತಲೇ ಇಲ್ಲ

ಇಲ್ಲಿ ಕೈ ತಡೆಯಿರಿ. ಅದೇ ಹೆಸರಿನಲ್ಲಿ ಏನನ್ನೂ ಸೇವ್ ಮಾಡಬೇಡಿ. ಫೈಲನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಮುಂದಿನ ಪ್ರಯೋಗ ಎಲ್ಲಾ ಕಾಪಿಯ ಮೇಲೆ.

ಗಾತ್ರ ನೋಡಿ. ಸೊನ್ನೆ ಇದ್ದರೆ ಅದರೊಳಗೆ ಏನೂ ಇಲ್ಲ, ಬ್ಯಾಕಪ್ ಮತ್ತು ಕ್ಲೌಡ್‌ನ ಹಳೆಯ ಆವೃತ್ತಿ ಹುಡುಕಿ. ಗಾತ್ರ ಸರಿ ಇದ್ದರೆ, ಹೊಸ ಆವೃತ್ತಿಯಲ್ಲಿ ಮಾಡಿದ ಫೈಲನ್ನು ಹಳೆಯದರಲ್ಲಿ ತೆರೆಯುತ್ತಿದ್ದೀರಾ ಅಂತ ಕೇಳಿ ತಿಳಿದುಕೊಳ್ಳಿ. ಅದೂ ಅಲ್ಲದಿದ್ದರೆ ಹೊಸ ಖಾಲಿ ಫೈಲ್ ತೆರೆದು, ಫೈಲ್, ಇಂಪೋರ್ಟ್, ಓಪನ್ ಎಕ್ಸ್‌ಟರ್ನಲ್ ಲೈಬ್ರರಿ ಮೂಲಕ ಕೆಟ್ಟ ಫೈಲಿನ ಲೈಬ್ರರಿ ಮಾತ್ರ ತೆರೆಯಲು ನೋಡಿ. ತೆರೆದರೆ ಸಿಂಬಲ್‌ಗಳನ್ನು ಎಳೆದುಕೊಳ್ಳಿ. ಟೈಮ್‌ಲೈನ್ ಹೋದರೂ ಪಾತ್ರಗಳು ಬದುಕುತ್ತವೆ.

ಕೊನೆಯ ಉಪಾಯ: ಫ್ಲ್ಯಾಶ್‌ನ ಸಿಎಸ್5 ಆವೃತ್ತಿಯಿಂದ ಈಚೆಗಿನ ಎಫ್‌ಎಲ್‌ಎ ಫೈಲ್ (ನೀವು ಸೇವ್ ಮಾಡುವ ಮೂಲ ಫೈಲ್) ನಿಜದಲ್ಲಿ ಒಂದು ಜಿಪ್. ಕಾಪಿಯ ಹೆಸರಿನ ಕೊನೆಯ ಮೂರಕ್ಷರವನ್ನು ಜಿಪ್ (zip) ಅಂತ ಬದಲಾಯಿಸಿ, ಆಮೇಲೆ ಅದನ್ನು ಬಿಚ್ಚಿ. ಲೈಬ್ರರಿ ಅನ್ನುವ ಫೋಲ್ಡರ್‌ನಲ್ಲಿ ಪ್ರತಿ ಸಿಂಬಲ್‌ಗೂ ಒಂದು ಎಕ್ಸ್‌ಎಂಎಲ್ ಫೈಲ್ ಇರುತ್ತದೆ. ಅವು ಕಂಡರೆ ಆಸೆ ಇದೆ. ಪೂರ್ತಿ ಬಿಚ್ಚಿಕೊಂಡ ಫೋಲ್ಡರ್‌ನಲ್ಲಿ ಎಕ್ಸ್‌ಎಫ್‌ಎಲ್ ಕೊನೆಯಿರುವ ಫೈಲ್ ಇದ್ದರೆ ಅದನ್ನೇ ಅನಿಮೇಟ್‌ನಲ್ಲಿ ತೆರೆದು ನೋಡಬಹುದು. ಜಿಪ್ಪೇ ಬಿಚ್ಚದಿದ್ದರೆ ಜಿಪ್ ರಿಪೇರಿ ಮಾಡುವ ಸಾಫ್ಟ್‌ವೇರ್ ಒಂದು ಸಲ ಪ್ರಯತ್ನಿಸಿ.

ಬೇರೆ ಫೈಲ್‌ಗಳೂ ತೆರೆಯದಿದ್ದರೆ, ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ, ಪೆನ್‌ಡ್ರೈವ್ ಬಂದು ಹೋಗಿ ಆಗುತ್ತಿದ್ದರೆ ತೊಂದರೆ ಅನಿಮೇಟ್‌ನದ್ದಲ್ಲ. ಯಂತ್ರ ಆಫ್ ಮಾಡಿ. ಅದೇ ಡಿಸ್ಕ್‌ಗೆ ರಿಕವರಿ ಸಾಫ್ಟ್‌ವೇರ್ ಹಾಕಬೇಡಿ, ಉಳಿದದ್ದರ ಮೇಲೆ ಅದು ಬರೆದುಬಿಡುತ್ತದೆ. ಡೇಟಾ ರಿಕವರಿ ಮಾಡುವವರ ಬಳಿ ಒಯ್ಯಿರಿ.

ಅನಿಮೇಟ್ ಬಲ್ಲವರ ಸಹಾಯ ಕೇಳುವಾಗ "ಸಿಂಬಲ್ ಕೆಲಸ ಮಾಡ್ತಿಲ್ಲ" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆವೃತ್ತಿ ಯಾವುದು, ಫೈಲ್ ಎಚ್‌ಟಿಎಂಎಲ್5 ಕ್ಯಾನ್ವಾಸೋ ಆ್ಯಕ್ಷನ್‌ಸ್ಕ್ರಿಪ್ಟ್ 3ಓ ಹೇಳಿ. ಇನ್‌ಸ್ಟೆನ್ಸ್ ಆಯ್ದಾಗಿನ ಪ್ರಾಪರ್ಟೀಸ್ ಪ್ಯಾನಲ್‌ನ ಸ್ಕ್ರೀನ್‌ಶಾಟ್ ಕೊಡಿ. ತೊಂದರೆ ಇರುವ ಒಂದೇ ಸಿಂಬಲ್ಲನ್ನು ಹೊಸ ಫೈಲ್‌ಗೆ ಹಾಕಿ ಅದನ್ನು ಕಳಿಸಿ. ಆ ಹೊಸ ಫೈಲ್‌ನಲ್ಲಿ ತೊಂದರೆ ಕಾಣದಿದ್ದರೆ ಸಿಂಬಲ್ ಚೆನ್ನಾಗಿದೆ, ಹಳೆಯ ಫೈಲ್‌ನಲ್ಲಿ ಅದರ ಸುತ್ತ ಇರುವುದನ್ನು ಹುಡುಕಬೇಕು.